ತಂತಿ ಮಾಮನ ಕಟ್ಟಡ

ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ತಂಗಿ ಕಂಪ್ಯೂಟರ್ ಪೆಟ್ಟಿಗೆಯ ಜಾಲರಿಗೆ ಅಂಟಿದ ಧೂಳು ತೆಗೆಯುತ್ತಿದ್ದಳು. ದಿನಾ ಬೆಳಿಗ್ಗೆ ಅಣ್ಣ ಮಾಡುತ್ತಿದ್ದ ಕೆಲಸ. ಇವತ್ತು ಅಣ್ಣ ಪಕ್ಕದ ಮಂಚದಲ್ಲಿ ಬಿಳಿ ಹೊದಿಕೆಯೊಳಗಿದ್ದ. ಮಾತಿಲ್ಲ, ಕತೆಯಿಲ್ಲ. ಪೆಟ್ಟಿಗೆಯ ಫ್ಯಾನು ಮಾತ್ರ ಗುಂಯ್ ಅನ್ನುತ್ತಿತ್ತು, ಮನೆಯಲ್ಲಿ ಇನ್ನೂ ಯಾರೋ ಉಸಿರಾಡುತ್ತಿರುವಂತೆ. ತಡೆಯಲಾಗದೆ ಅವಳು ಗೋಡೆಯ ಸ್ವಿಚ್ ಆರಿಸಿದಳು.

ಬಾಗಿಲಲ್ಲಿ ಶವದ ಗಾಡಿಯ ಚಾಲಕ ನಿಂತಿದ್ದ. "ಅಕ್ಕ, ಸ್ಟ್ರೆಚರ್ ಲಿಫ್ಟಲ್ಲಿ ಹಿಡಿಯಲ್ಲ. ಮೆಟ್ಟಿಲಲ್ಲೇ ಇಳಿಸ್ಬೇಕು. ನಾನೊಬ್ಬ, ನೀವೊಬ್ರು ಅಂದ್ರೆ ಆಗೋ ಮಾತಲ್ಲ. ಯಾರನ್ನಾದ್ರೂ ಕರೀರಿ."

"ಬೆಳಿಗ್ಗೇನೇ ಕಟ್ಟಡದವರಿಗೆಲ್ಲ ಮೆಸೇಜ್ ಹಾಕಿದೀನಪ್ಪ."

"ಏನಂದ್ರು?"

ಅವಳು ಫೋನು ತೋರಿಸಿದಳು. ಪರದೆಯ ತುಂಬ ಕೈಮುಗಿದ ಚಿತ್ರಗಳು, ಒಂದರ ಕೆಳಗೊಂದು.

"ಇಷ್ಟೊಂದು ಕೈ ಇದಾವಲ್ಲ," ಅಂದ ಚಾಲಕ. "ಅದ್ರಲ್ಲಿ ಎರಡು ಮೂರು ಬಂದಿದ್ರೂ ಸಾಕಿತ್ತು."

ಆಗ ಮೇಲೆಲ್ಲೋ ಬಾಗಿಲು ತೆರೆದ ಸದ್ದಾಯಿತು. ಆಮೇಲೆ ಕೆಳಗೆ. ಮೆಟ್ಟಿಲ ಮೇಲೆ ಚಪ್ಪಲಿಗಳ ಪಟಪಟ. ಅಂತೂ ಬಂದರಲ್ಲ ಎಂದು ಅವಳ ಎದೆ ಹಗುರವಾಯಿತು.

ಮೊದಲು ಇಣುಕಿದವರು ಮೇಲಿನ ಮನೆಯ ವಕೀಲರು. "ಏನಮ್ಮ, ನೆಟ್ ಹೋಯ್ತಾ?"

*

ಅಣ್ಣ ಮೊದಲ ಕಂಪ್ಯೂಟರನ್ನು ಗೋಣಿಚೀಲದಲ್ಲಿ ತಂದಿದ್ದ, ಯಾವುದೋ ಕಚೇರಿಯವರು ಬಿಸಾಕಿದ ಬಿಡಿಭಾಗಗಳನ್ನು ಆರಿಸಿಕೊಂಡು. ಅದಕ್ಕೆ ಜೀವ ಬಂದ ದಿನ ತಂಗಿಯನ್ನು ಅಡುಗೆಮನೆಯಿಂದ ಎಳೆದುಕೊಂಡು ಬಂದು ಪರದೆಯ ಮೇಲೆ ಅವಳ ಹೆಸರು ತೋರಿಸಿದ್ದ. ಈ ಕಟ್ಟಡದೊಳಗೆ ಮೊಬೈಲಿಗೆ ಸಿಗ್ನಲ್ ಸಿಗುವುದಿಲ್ಲವೆಂದು ಜನ ಗೊಣಗಿದಾಗ, ಹೆಗಲಿಗೆ ತಂತಿಯ ಸುರುಳಿ ಏರಿಸಿ, ಮನೆಮನೆಯ ಗೋಡೆ ಕೊರೆದು, ತನ್ನ ಪೆಟ್ಟಿಗೆಯಿಂದಲೇ ಎಲ್ಲರಿಗೂ ನೆಟ್ ಕೊಟ್ಟ. ಹೀಗೆ ತಂತಿ ಮಾಮನಾದ. "ನೋಡ್ತಿರು, ಇನ್ಮೇಲೆ ಇದು ಒಂದೇ ಮನೆ ಕಣೇ," ಅಂದಿದ್ದ.

ಒಂದೇ ಮನೆಯಾಗಲಿಲ್ಲ. ಎಲ್ಲರೂ ತಂತಮ್ಮ ಪರದೆಯ ಮುಂದೆ ಕೂತರು, ಬಾಗಿಲುಗಳು ಮುಚ್ಚಿದವು.

ಒಮ್ಮೆ ಪೆಟ್ಟಿಗೆ ಕೆಟ್ಟಿತು. ಬೈಯುತ್ತಾ ಬಂದವರು ಬೇರೆ ದಾರಿ ಕಾಣದೆ ಮೆಟ್ಟಿಲ ಮೇಲೆ ಕೂತರು. ಕೂತವರು ಮಾತಿಗಿಳಿದರು. ಯಾರದೋ ಮಗು ಯಾರದೋ ತೊಡೆಯೇರಿತು. ಕೆಳಗಿನ ಮನೆಯ ಟೀಚರಮ್ಮ ಒಂದು ಹಾಡನ್ನೂ ಹೇಳಿದರು. ಅಣ್ಣ ಒಳಗೆ ಬೆನ್ನು ತಿರುಗಿಸಿ ಬೆಸುಗೆ ಹಾಕುತ್ತಲೇ ಇದ್ದ.

"ಇನ್ನೂ ಆಗ್ಲಿಲ್ವಾ ಅಣ್ಣ?"

"ಆಗ್ಲೇ ಆಗಿದೆ. ಸುಮ್ನಿರು," ಎಂದು ಪಿಸುಗುಟ್ಟಿದ. ಹಾಡು ಮುಗಿಯುವವರೆಗೂ ಸ್ವಿಚ್ ಮುಟ್ಟಲಿಲ್ಲ. ಆಮೇಲೆ ಅಂದ: "ಯಂತ್ರ ಎಲ್ಲರ ಕೈಗೆ ಸಿಗ್ಲಿ ಅಂತ ಜೀವ ತೇದೆ. ಇವರು ಅದರ ಕೈಗೆ ಸಿಕ್ಕಿಬಿದ್ರು. ಬೈಯೋಣ ಅಂದ್ರೆ, ತಂತಿ ಎಳೆದವನು ನಾನೇ."

*

"ಮಾಮ ಹೋಗಿದ್ದು ತುಂಬ ಬೇಜಾರಮ್ಮ," ಅಂದರು ಟೀಚರಮ್ಮ. "ಆದ್ರೆ ನನ್ ಕ್ಲಾಸು ಅರ್ಧಕ್ಕೇ ನಿಂತಿದೆ."

"ಇನ್ಮೇಲೆ ಇದನ್ನ ನೋಡ್ಕೊಳ್ಳೋರು ಯಾರು?" ಹಿಂದಿನಿಂದ ಯಾರೋ ಕೇಳಿದರು.

ತಂಗಿಗೆ ಮೈಯೆಲ್ಲ ಉರಿಯಿತು. ಎಂದೂ ದನಿಯೆತ್ತದವಳು ಹೊಸ್ತಿಲಿಗೆ ಬಂದು ನಿಂತಳು.

"ನಾನೇ ಆರಿಸಿದ್ದು. ಅಣ್ಣ ಹೋದ ಅಂದಾಗ ಒಬ್ರೂ ಬರ್ಲಿಲ್ಲ. ನೆಟ್ ಹೋದ ತಕ್ಷಣ ಓಡಿಬಂದ್ರಿ. ಮೊದ್ಲು ಅವನನ್ನ ಕೆಳಗಿಳಿಸಿ. ಆಮೇಲೆ ಹಾಕ್ತೀನಿ."

ಒಬ್ಬರೂ ಹೊಸ್ತಿಲು ದಾಟಲಿಲ್ಲ. ಟೀಚರಮ್ಮ ಸೆರಗಿಂದ ಮೂಗೊರೆಸಿಕೊಂಡರು. ವಕೀಲರು ಮಾತ್ರ ಒಳಗೆ ಬಂದು, ಮಂಚಕ್ಕೆ ಮೈ ತಾಗದ ಹಾಗೆ ಹುಷಾರಾಗಿ ಸರಿದು, ಕೈಚಾಚಿ ಸ್ವಿಚ್ ಹಾಕಿದರು. "ಅದು ಬೇರೆ, ಇದು ಬೇರೆ ಅಲ್ವೇನಮ್ಮ."

ಪೆಟ್ಟಿಗೆಯ ಮೇಲೆ ಹಸಿರು ದೀಪಗಳು ಒಂದೊಂದಾಗಿ ಮಿನುಗಿದವು. ಸ್ವಲ್ಪ ಹೊತ್ತಿಗೆ ಜೇಬುಗಳಲ್ಲಿ, ಕೈಗಳಲ್ಲಿ ಟಿಣ್ ಟಿಣ್ ಶುರುವಾಯಿತು. ಬಾಗಿಲಿಂದ ಮೆಟ್ಟಿಲವರೆಗೆ ನಿಂತವರ ತಲೆಗಳೆಲ್ಲ ಒಟ್ಟಿಗೆ ಬಾಗಿದವು. ದೂರದಿಂದ ನೋಡಿದವರಿಗೆ, ಸತ್ತವನಿಗೆ ಗೌರವ ಸಲ್ಲಿಸುತ್ತಿದ್ದಾರೆ ಅನ್ನಿಸಬೇಕು, ಹಾಗೆ.

ಚಾಲಕ ಸ್ಟ್ರೆಚರನ್ನು ಮಂಚದ ಪಕ್ಕ ಹಾಸಿ ಕಾಲಿನ ಕಡೆ ನಿಂತ. ತಂಗಿ ತಲೆಯ ಕಡೆ ಹೋಗಿ, ಅಣ್ಣನ ತೋಳಿನಡಿ ಕೈ ಹಾಕಿದಳು. ಭಾರವಿದ್ದ.

"ಒಂದು ಕೈ ಹಿಡೀರಪ್ಪ," ಅಂದಳು.

ಫ್ಯಾನು ಗುಂಯ್ ಅನ್ನುತ್ತಿತ್ತು.

"ಯಾರಾದ್ರೂ."