ಒಂದೇ ರೆಕ್ಕೆಯ ಮೂರು ಗರಿ

ಬಾಣ ಕಟ್ಟುವವರ ಬೀದಿಯಲ್ಲಿ ಒಂದು ಕಟ್ಟುನಿಟ್ಟಿತ್ತು. ಬಾಣಕ್ಕೆ ಮೂರು ಗರಿ. ಮೂರೂ ಬಾತಿನ ಒಂದೇ ಪಕ್ಕದ ರೆಕ್ಕೆಯವು. ಎಡಗರಿ ಬಾಗುವುದು ಒಂದು ಕಡೆ, ಬಲಗರಿ ಬಾಗುವುದು ಇನ್ನೊಂದು ಕಡೆ. ಬೆರೆಸಿದರೆ ಬಾಣ ಕುಡಿದವನ ಹಾಗೆ ಹೋಗುತ್ತದೆ. ಬೆರಕೆ ಬಾಣ ಯಾರ ಮನೆಯಿಂದ ಹೊರಬಿತ್ತೋ ಆ ಮನೆಯ ಹಿರಿಯರು ಗರಿ ಕತ್ತರಿಸುವ ಚೂರಿಯನ್ನು ಬೀದಿಯವರು ಕಲ್ಲಿಗಿಟ್ಟು ಮುರಿಯುತ್ತಿದ್ದರು. ಆಮೇಲೆ ಆ ಮನೆಯವರು ಬಾಣ ಕಟ್ಟುವಂತಿಲ್ಲ.

ಗರಿಯಜ್ಜಿಯ ಚೂರಿ ಐವತ್ತು ವರ್ಷ ಉಳಿದಿತ್ತು. ಅವಳ ಮೊಮ್ಮಗಳಿಗೆ ಹತ್ತು ವರ್ಷ. ಕೋಟೆಗೆ ಕೊಡಬೇಕಾದ ಬಾಣಗಳನ್ನು ಮುಗಿಸುವಾಗ ಒಂದು ಎಡಗರಿ ಕಡಿಮೆ ಬಿತ್ತು. ಹುಡುಗಿ ಬಲಗರಿಯೊಂದನ್ನು ಅಂಟಿಸಿ, ದಾರ ಸುತ್ತಿ, ಆ ಬಾಣವನ್ನು ಕಟ್ಟಿನ ನಡುವೆ ತೂರಿಸಿಬಿಟ್ಟಳು.

ಬೆಳಿಗ್ಗೆ ಇಬ್ಬರೂ ಕಟ್ಟು ಹೊತ್ತು ಕೋಟೆಯ ಬಾಗಿಲಿಗೆ ಬಂದರೆ ಅಲ್ಲಿ ಊರೇ ಸೇರಿತ್ತು. ಕಾಡುಬೆಕ್ಕು ಸಿಕ್ಕಿಬಿದ್ದಿದ್ದ. ಕೋಟೆಯ ಕಣಜಕ್ಕೆ ಹೋಗುವ ಗಾಡಿಗಳನ್ನು ಕಾಡಿನಲ್ಲಿ ಬಿಲ್ಲು ಹಿಡಿದು ತಡೆದು, ಹಸಿದವರ ಬಾಗಿಲಲ್ಲಿ ಮೂಟೆ ಇಟ್ಟು ಹೋಗುವವನಿಗೆ ಜನ ಇಟ್ಟ ಹೆಸರು ಅದು.

"ಬೆಕ್ಕಿಗೆ ಗಂಟೆ ಕಟ್ಟೋರ್ಯಾರು ಅಂತಿದ್ರಲ್ಲ, ನೋಡ್ಕೊಳ್ಳಿ!" ಎಂದ ಕೋಟೆಯ ದಳಪತಿ.

"ಗಂಟೆ ಹುಡುಕೋಕೇ ಮೂರು ವರ್ಷ ಬೇಕಾಯ್ತಲ್ಲ ಸ್ವಾಮಿ," ಎಂದ ಕಾಡುಬೆಕ್ಕು.

ಜನ ನಕ್ಕರು. ದಳಪತಿಯ ಮುಖ ಕೆಂಪಾಯಿತು.

"ಅಷ್ಟು ದೊಡ್ಡ ಗುರಿಗಾರನೇನೋ ನೀನು? ಬಾಗಿಲ ಮೇಲೆ ದೀಪ ನೇತಾಕಿರೋ ಹಗ್ಗ ನೋಡು. ಒಂದೇ ಬಾಣ. ಹಗ್ಗ ತುಂಡಾದ್ರೆ ನಿನ್ನ ದಾರಿ ನಿಂಗೆ. ಇಲ್ದಿದ್ರೆ ಅದೇ ಹಗ್ಗ ನಿನ್ನ ಕುತ್ತಿಗೆಗೆ."

ದಳಪತಿ ಅವನ ಕೈಗೊಂದು ಬಿಲ್ಲು ಕೊಡಿಸಿ, ಅಜ್ಜಿಯ ಕಟ್ಟಿನಿಂದ ತಾನೇ ಒಂದು ಬಾಣ ಎಳೆದುಕೊಟ್ಟ. ಎರಡು ಗರಿ ಈ ಕಡೆ ಬಾಗಿದ್ದವು, ಒಂದು ಆ ಕಡೆ. ಹುಡುಗಿ ಅಜ್ಜಿಯ ಸೊಂಟದಲ್ಲಿದ್ದ ಚೂರಿಯನ್ನು ನೋಡಿದಳು. ಕಾಡುಬೆಕ್ಕು ಬಿಲ್ಲೆತ್ತಿದ.

"ಬಿಡ್ಬೇಡಿ! ಅದು ಬೆರಕೆ. ನಾನೇ ಕಟ್ಟಿದ್ದು," ಎಂದು ಕೂಗಿದಳು ಹುಡುಗಿ.

ಗುಂಪಿನಲ್ಲಿದ್ದ ಬೀದಿಯ ಯಜಮಾನ ಬಂದು ಬಾಣ ತೆಗೆದುಕೊಂಡು, ಗರಿಗಳ ಮೇಲೆ ಬೆರಳಾಡಿಸಿದ. "ಹೌದು," ಎಂದ. ಅಜ್ಜಿಯ ಮುಖ ನೋಡಲಿಲ್ಲ.

"ಒಂದೇ ಬಾಣ ಅಂದಿದ್ದೀನಿ. ಬದಲಾಯ್ಸೋ ಹಾಗಿಲ್ಲ," ಎಂದ ದಳಪತಿ.

"ಬಾಣ ಅಂದ್ರಿ ಸ್ವಾಮಿ. ಇದು ಬಾಣ ಅಲ್ಲ, ಗರಿ ಸಿಗಿಸಿದ ಕಡ್ಡಿ," ಎಂದಳು ಅಜ್ಜಿ. "ಒಂದು ಬಾಣ ಇನ್ನೂ ಬಾಕಿ ಇದೆ."

"ಹೌದೌದು," ಎಂದರು ಜನ. ಆ ಸದ್ದು ದೊಡ್ಡದಾಗುತ್ತ ಹೋಯಿತು. ದಳಪತಿ ಕೈ ಬೀಸಿ ಒಪ್ಪಿದ. ಅಜ್ಜಿ ಇನ್ನೊಂದು ಬಾಣ ಆರಿಸಿ, ಬೆರಳಾಡಿಸಿ ನೋಡಿ ಕೊಟ್ಟಳು. ಕಾಡುಬೆಕ್ಕು ಬಿಟ್ಟ ಬಾಣಕ್ಕೆ ಹಗ್ಗ ತುಂಡಾಯಿತು, ದೀಪ ಕಲ್ಲಿನ ಮೇಲೆ ಬಿತ್ತು. ಕಾಡುಬೆಕ್ಕು ಅಜ್ಜಿಗೂ ಹುಡುಗಿಗೂ ತಲೆಬಾಗಿ, ಜನ ಬಿಟ್ಟ ದಾರಿಯಲ್ಲಿ ಹೊರಟುಹೋದ.

"ಚೂರಿ ಮಾತು ಇವತ್ತು ಬೇಡ ಬಿಡಿ ಅಜ್ಜಿ," ಎಂದ ಯಜಮಾನ.

"ಯಾಕಪ್ಪಾ, ಇವತ್ತಿಗೊಂದು ನ್ಯಾಯ, ನಾಳೆಗೊಂದು ನ್ಯಾಯಾನಾ? ಮುರೀರಿ."

ಮುರಿದರು.

"ಅಜ್ಜೀ, ಬಯ್ಯಲ್ವಾ?" ದಾರಿಯಲ್ಲಿ ಹುಡುಗಿ ಕೇಳಿದಳು.

"ಬೀದೀಲಿ ಯಾಕೆ? ಮನೆಗೆ ನಡಿ, ಇದೆ ನಿಂಗೆ."

ಮನೆಗೆ ಹೋಗಿ ಬಯ್ದಳು. ತುಂಬ ಹೊತ್ತು ಬಯ್ದಳು. ಆಮೇಲೆ ಉಳಿದ ಗರಿಗಳನ್ನು ಪಕ್ಕದ ಮನೆಗೆ ಕೊಟ್ಟು ಬಂದಳು. ಇಬ್ಬರೂ ಕೂತು ಉಂಡರು.