ಸಿಮೆಂಟು ಬಳಿದ ಗೋಡೆ

ಹೋದ ವರ್ಷ ನಾಗಮಂಗಲದ ಕಡೆಯಿಂದ ನಮ್ಮ ಮಗಳು ಇಂದ್ರಮ್ಮನನ್ನು ನೋಡಲು ಗಂಡಿನವರು ಬಂದಿದ್ದರು. ನಮ್ಮಲ್ಲಿ ಹೆಣ್ಣಿಗಿಂತ ಮುಂಚೆ ಮನೆಯನ್ನು ನೋಡುತ್ತಾರೆ. ಗಂಡಿನ ದೊಡ್ಡಮ್ಮ, ಆ ಪುಣ್ಯಾತ್ಗಿತ್ತಿ, ಹಜಾರದ ಗೋಡೆಯನ್ನು ಉಗುರಿನಿಂದ ಕೆರೆದು, "ಮಣ್ಣಿನ ಗ್ವಾಡೆನಾ?" ಎಂದು ಮೂಗು ಮುರಿದಳು. ಅಲ್ಲಿಗೆ ಮಾತು ಮುರಿಯಿತು. ಗದ್ದೆ, ಎತ್ತು, ಕರೆಯುವ ಹಸು ಎಲ್ಲ ಇದ್ದೂ ನನ್ನ ಗಂಡ ಅಂದಾನಯ್ಯ ಅವತ್ತಿನಿಂದ ಅರಳಿಕಟ್ಟೆಗೆ ಹೋಗಿ ಕೂರುವುದನ್ನೇ ಬಿಟ್ಟ.

ಈಗ ಮೈಸೂರಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಇಂದ್ರಮ್ಮ, ಭಾನುವಾರ ಮೇಷ್ಟ್ರನ್ನೂ ಜೊತೆಯ ಹುಡುಗರನ್ನೂ ಮನೆಗೆ ಕರೆತರುತ್ತೇನೆಂದು ನಮ್ಮ ಸಂತೆಬಾಚಹಳ್ಳಿಗೆ ಬರುವ ಬಸ್ಸಿನ ಕಂಡಕ್ಟರ್ ಹತ್ತಿರ ಹೇಳಿ ಕಳಿಸಿದ್ದಳು. ಏಕೆಂದು ಹೇಳಿರಲಿಲ್ಲ. ಅಷ್ಟು ಓದಿದವರಿಗೆ ಈ ಗೋಡೆ ತೋರಿಸುವುದೇ? "ಈ ಸಲ ಮಣ್ಣು ಕಂಡ್ರೆ ನಾನು ಬಾವಿಗೆ ಬೀಳ್ತೀನಿ" ಎಂದು ಗಂಡನ ಬೆನ್ನು ಬಿದ್ದವಳು ನಾನೇ. ಕೆ.ಆರ್. ಪೇಟೆಯಿಂದ ಸಿಮೆಂಟು ತರಿಸಿ, ಗಾರೆಯವನನ್ನು ಹಿಡಿದು ತಂದು, ಗೋಡೆಗೆಲ್ಲ ಬಳಿಸಿ, ಮೇಲೆ ನೀಲಿ ಬಣ್ಣ ಹೊಡೆಸಿದೆವು. ಚೆನ್ನಾಗಿಯೇ ಕಂಡಿತು, ಸುಳ್ಳೇಕೆ ಹೇಳಲಿ.

ಭಾನುವಾರ ನೆತ್ತಿ ಸುಡುವ ಹೊತ್ತಿಗೆ ಬಂದರು. ಹೊಸ್ತಿಲು ದಾಟಿದ ಇಂದ್ರಮ್ಮನ ಮುಖ ಬಿಳಿಚಿಕೊಂಡಿತು.

"ಗ್ವಾಡೆಗೆ ಏನವ್ವ ಮಾಡುದ್ರಿ?" ಎಂದಳು, ನನಗೊಬ್ಬಳಿಗೇ ಕೇಳುವಂತೆ.

"ಯಾಕೆ, ಚಂದಾಗಿಲ್ವಾ?"

ಅಷ್ಟರಲ್ಲಿ ಮೇಷ್ಟ್ರು ಬಂದ ಕಾರಣ ಹೇಳಿದರು. ಬಿಸಿಲಿನಲ್ಲೇ ನೀರು ಕಾಯಬೇಕು, ಬೇಸಗೆಯಲ್ಲೂ ಒಳಗೆ ತಂಪಿರಬೇಕು, ಅಂಥ ಮನೆಯೊಂದನ್ನು ಈ ಹುಡುಗರು ವಸ್ತುಪ್ರದರ್ಶನಕ್ಕೆಂದು ಕಟ್ಟುತ್ತಾರಂತೆ. ಗೋಡೆಗೆ ಏನು ಹಾಕುವುದೆಂಬ ಹುಡುಕಾಟ. ಹುಡುಗರೆಲ್ಲ ಇಟ್ಟಿಗೆ ಸಿಮೆಂಟು ಎಂದರೆ ಇವಳೊಬ್ಬಳು ಮಣ್ಣೇ ಆಗಲಿ ಎಂದು ಹಟ ಹಿಡಿದಿದ್ದಾಳೆ. ಮಣ್ಣಾದರೆ ಇಟ್ಟಿಗೆಯಂತೆ ಗೂಡಿನಲ್ಲಿ ಸುಡಲು ಸೌದೆ ಬೇಡ, ತಾತನ ಕಾಲದ ಗೋಡೆ ನಮ್ಮ ಮನೆಯಲ್ಲೇ ಗಟ್ಟಿಯಾಗಿದೆ, ಮಧ್ಯಾಹ್ನ ಮುಟ್ಟಿ ನೋಡಿ ಎಂದು ಕರೆತಂದಿದ್ದಾಳೆ. ಇವತ್ತು ನೋಡಿಯೇ ತೀರ್ಮಾನ.

ಸಿದ್ದರಾಜು ಎಂಬ ಹುಡುಗ ಗೋಡೆಯನ್ನು ಬೆರಳಿನಿಂದ ಕುಟ್ಟಿ, "ಎಲ್ಲಿ ಇಂದ್ರಮ್ಮ, ನಿಮ್ಮ ಮಣ್ಣು?" ಎಂದ.

ನನ್ನ ಗಂಡ ಇಸ್ತ್ರಿ ಅಂಗಿಯಲ್ಲಿ ಎದೆಯುಬ್ಬಿಸಿ ನಿಂತಿದ್ದ. "ಮಣ್ಣಾ? ನಮ್ಮಪ್ಪನ ಕಾಲ್ದಿಂದ್ಲೂ ಇಟ್ಟಿಗೆ ಗ್ವಾಡೆ ಸ್ವಾಮಿ. ಮಣ್ಣಿನ ಮನೇಲಿರೋಕೆ ನಾವೇನು ಗತಿಗೆಟ್ಟೋರಾ?"

ಹುಡುಗರು ನಕ್ಕರು. ಇಂದ್ರಮ್ಮ ಒಂದು ಸಲ ಅಪ್ಪನ ಮುಖ ನೋಡಿದಳು.

"ಹೌದು ಸಾರ್," ಎಂದಳು. "ನನಗೇ ಸರಿಯಾಗಿ ಗೊತ್ತಿರ್ಲಿಲ್ಲ."

ಹುಟ್ಟಿ ಬೆಳೆದ ಮನೆಯ ಗೋಡೆ ಯಾವುದೆಂದು ಗೊತ್ತಿಲ್ಲವಂತೆ. ಅಪ್ಪನ ಮಾನ ಉಳಿಸಲು ಆ ಮಗು ತನ್ನ ಮಾತನ್ನೇ ನುಂಗಿಕೊಂಡಿತು. ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಎನ್ನಿಸಿತು. ಗಂಡಿನವರು ಎದ್ದುಹೋದ ದಿನವೂ ನಾನು ಇಷ್ಟು ನಾಚಿರಲಿಲ್ಲ.

ಅಂದಾನಯ್ಯ ಎಳನೀರು ಕೀಳಿಸಲು ತೋಟಕ್ಕೆ ಹೋದ. "ಸರಿ, ಇಟ್ಟಿಗೇನೇ ಆಗ್ಲಿ" ಎಂದು ಮೇಷ್ಟ್ರು ಎದ್ದರು. ನಾನು ಮೂಲೆಯಲ್ಲಿದ್ದ ಒನಕೆ ತಂದು ಗೋಡೆಗೆ ಗುದ್ದಿದೆ. ಮಣ್ಣಿಗೆ ಸಿಮೆಂಟು ಎಲ್ಲಿ ಕಚ್ಚುತ್ತದೆ? ಮೊರದಗಲ ಚಕ್ಕೆ ಕಳಚಿ ಬಿತ್ತು. ಒಳಗೆ ಕೆಮ್ಮಣ್ಣು ಕಂಡಿತು.

"ನೋಡ್ಕಳಿ. ನನ್ ಮಗಳು ಸುಳ್ಳು ಹೇಳಿಲ್ಲ, ಸುಳ್ಳು ಹೇಳಿದ್ದು ನಾವು."

ಮೇಷ್ಟ್ರು ಮಣ್ಣಿನ ಮೇಲೆ ಅಂಗೈ ಇಟ್ಟು, "ಈ ಬಿಸಿಲಲ್ಲೂ ತಣ್ಣಗಿದೆ" ಎಂದರು. ಸಿದ್ದರಾಜುವೂ ಮುಟ್ಟಿದ, ಆಮೇಲೆ ಅವನು ನಗಲಿಲ್ಲ. ಇಂದ್ರಮ್ಮನಿಗೆ ಮಾತ್ರ ಗೆದ್ದ ಸಂತೋಷವಿಲ್ಲ. "ಅಪ್ಪ ಬರೋ ಹೊತ್ತಾಯ್ತು ಕಣವ್ವ" ಎನ್ನುತ್ತಾ ಬಿದ್ದ ಚಕ್ಕೆಗಳನ್ನು ಗಡಿಬಿಡಿಯಿಂದ ಬಾಚುತ್ತಿದ್ದಳು.

ಅಷ್ಟರಲ್ಲಿ ಅವನು ಎಳನೀರು ಗೊನೆ ಹಿಡಿದು ಬಾಗಿಲಿಗೆ ಬಂದೇಬಿಟ್ಟ. ಗೋಡೆ ನೋಡಿದ, ಒನಕೆ ನೋಡಿದ, ಒಳಗೆ ಬರಲಿಲ್ಲ.

"ಯಜಮಾನ್ರೇ," ಎಂದರು ಮೇಷ್ಟ್ರು, "ನಾವು ಹುಡುಕ್ತಾ ಇದ್ದದ್ದು ಇದನ್ನೇ. ಇದರದೊಂದು ತುಂಡು ಕೊಡಿ, ಪ್ರದರ್ಶನದಲ್ಲಿ ಇಡ್ತೀವಿ. ಯಾರ ಮನೆಯದು ಅಂತ ನಿಮ್ಮ ಹೆಸರು, ಊರು ಎಲ್ಲ ಹಾಕ್ತೀವಿ."

ಅವನು ಗೊನೆಯನ್ನು ಜಗಲಿಯ ಮೇಲಿಟ್ಟು ತಲೆ ತಗ್ಗಿಸಿ ಕೈಮುಗಿದ.

"ಎಷ್ಟು ಬೇಕಾದ್ರೂ ಒಡ್ಕೊಂಡೋಗಿ ಸ್ವಾಮಿ. ಹೆಸರು ಮಾತ್ರ ಹಾಕ್ಬೇಡಿ. ಮಗೀಗೆ ಇನ್ನೂ ಮದ್ವೆ ಆಗ್ಬೇಕು."

ಇಂದ್ರಮ್ಮ ಚಕ್ಕೆ ಬಾಚುವುದನ್ನು ನಿಲ್ಲಿಸಲಿಲ್ಲ.