ಕಂಪೌಂಡಿನ ಮೇಲಿನ ಹಾಸಿಗೆ

ನಾನೊಂದು ಹತ್ತಿಯ ಹಾಸಿಗೆ. ಗದಗಿನ ಓಣಿಯೊಂದರಲ್ಲಿ ಹಜರತಸಾಬ ನದಾಫರು ಹತ್ತಿ ಹಿಂಜಿ, ನೀಲಿ ಪಟ್ಟೆಯ ಗವಸಿನಲ್ಲಿ ತುಂಬಿ, ದಬ್ಬಣದಿಂದ ಹೊಲಿದು ನನ್ನನ್ನು ಹುಟ್ಟಿಸಿದರು. ಮದುವೆಮನೆಗೆ ಹೋಗುವ ಭಾಗ್ಯ ನನಗಿರಲಿಲ್ಲ. ಗಂಡುಹುಡುಗರ ವಸತಿ ಶಾಲೆಯೊಂದು ನನ್ನನ್ನು ಕೊಂಡಿತು.

ಅಲ್ಲಿ ಹಾಸ್ಟೆಲ್ ಎನ್ನುವಂತಿರಲಿಲ್ಲ, ‘ಕುಟುಂಬ’ ಎನ್ನಬೇಕು. ವಾರ್ಡನ್ ಹೂಲಿ ಸರ್ ಆ ಕುಟುಂಬದ ತಂದೆ. ಈ ತಂದೆ ಮಲಗುವುದು ಫೋಮಿನ ಮೇಲೆ, ಮಕ್ಕಳ ಕೋಣೆಗೆ ಬರುವುದು ಮೂಗಿಗೆ ಕರವಸ್ತ್ರ ಹಿಡಿದು. ಪ್ರಾರ್ಥನೆಯಲ್ಲಿ ಮಾತ್ರ ಮಮತೆಯ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಿದ್ದರು. ಶಾಸ್ತ್ರ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ. ಇಂಥವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ನಾನು ಐದನೆಯ ಇಯತ್ತೆಯ ಅಡಿವೆಪ್ಪನ ಪಾಲಿಗೆ ಬಂದೆ. ಮನೆ ಬಿಟ್ಟು ಬಂದಾಗಿನಿಂದ ಅವನು ನಿದ್ದೆಯಲ್ಲಿ ಉಚ್ಚೆ ಹೊಯ್ದುಕೊಳ್ಳುತ್ತಿದ್ದ. ನನಗೇನೂ ಬೇಸರವಿರಲಿಲ್ಲ. ಹತ್ತಿ ನೆನೆಯುತ್ತದೆ, ಬಿಸಿಲಿಗೆ ಒಣಗುತ್ತದೆ. ಆದರೆ ಹೂಲಿ ಸರ್ ಅದಕ್ಕೊಂದು ಪದ್ಧತಿ ಮಾಡಿಟ್ಟಿದ್ದರು. ಒದ್ದೆ ಮಾಡಿದವನು ಹಾಸಿಗೆಯನ್ನು ತಲೆಯ ಮೇಲೆ ಹೊತ್ತು, ಪ್ರಾರ್ಥನೆಯ ಸಾಲುಗಳ ಮುಂದೆ ಹಾದು, ಗೇಟಿನ ಪಕ್ಕದ ಕಂಪೌಂಡಿನ ಮೇಲೆ ಒಣಹಾಕಬೇಕು. ನಾಚಿಕೆಯಾದರೆ ಚಟ ತಾನೇ ಬಿಡುತ್ತದಂತೆ. ಅಡಿವೆಪ್ಪ ನಾಚಿಕೆಯಿಂದ ಸಂಜೆಯ ನೀರು ಬಿಟ್ಟ, ಮಾತು ಬಿಟ್ಟ. ಚಟ ಬಿಡಲಿಲ್ಲ.

ಶಾಲೆ ನಡೆಸುವ ಟ್ರಸ್ಟಿನವರು ವರ್ಷಕ್ಕೊಮ್ಮೆ ಬಂದು, ತಮ್ಮ ಹಾಸ್ಟೆಲುಗಳಲ್ಲಿ ಒಂದಕ್ಕೆ ‘ಉತ್ತಮ ಕುಟುಂಬ’ದ ಫಲಕ ಕೊಡುತ್ತಿದ್ದರು. ಅದರ ಹಿಂದಿನ ಸಂಜೆ ಹೂಲಿ ಸರ್ ಅಡಿವೆಪ್ಪನನ್ನು ಕರೆದರು.

“ನಾಳೆ ನಿನ್ನ ಹಾಸಿಗಿ ತೊಯ್ತಂದ್ರ, ನಿಮ್ಮಪ್ಪನ್ನ ಕರಿಸಿ ಟಿಸಿ ಕೈಯಾಗ ಕೊಡ್ತೇನಿ.”

ಸೀಟು ಸಿಕ್ಕಿತೆಂದು ಊರಿಗೆಲ್ಲ ಪೇಡೆ ಹಂಚಿದ್ದ ಅಪ್ಪ. ಹುಡುಗ ರಾತ್ರಿಯಿಡೀ ಕೂತೇ ಇದ್ದ. ಬೆಳಗಿನ ಜಾವ ಕಣ್ಣು ಹತ್ತಿತು, ನಾನು ತೊಯ್ದೆ.

ಹತ್ತನೆಯ ಇಯತ್ತೆಯ ಫಕ್ಕೀರೇಶ ಮೊದಲು ಕಂಡ. ಇಷ್ಟು ದಿನ ಎಲ್ಲರಿಗಿಂತ ಜೋರಾಗಿ ನಕ್ಕವನು ಅವನೇ. ಅವನ ಮೇಲೂ ನನಗೆ ಗೌರವವಿರಲಿಲ್ಲ. ಆದರೆ ಅಡಿವೆಪ್ಪ ಮೂಲೆಯಲ್ಲಿ ಕೂತು ಟ್ರಂಕಿಗೆ ಬಟ್ಟೆ ತುಂಬುತ್ತಿರುವುದನ್ನು ಕಂಡು ಅವನ ನಗೆ ಹಾರಿಹೋಯಿತು. ಬಕೆಟ್ ತಂದು ತನ್ನ ಹಾಸಿಗೆಯ ಮೇಲೆಯೇ ಸುರಿದುಕೊಂಡ. ಉಳಿದವರನ್ನೂ ಎಬ್ಬಿಸಿ, ಹಾಸಿಗೆ ತೋಯಿಸಿರೆಂದ.

ಪ್ರಾರ್ಥನೆಯ ಹೊತ್ತಿಗೆ ಸಾಲು ಕಟ್ಟಿ ನಿಲ್ಲಲು ಯಾರೂ ಇರಲಿಲ್ಲ. ಎಲ್ಲರ ತಲೆಯ ಮೇಲೂ ಹಾಸಿಗೆ. ಕಂಪೌಂಡಿನಲ್ಲಿ ಜಾಗ ಸಾಲಲಿಲ್ಲ.

ಹೂಲಿ ಸರ್ ಹಲ್ಲು ಕಡಿದು ಕೇಳಿದರು, “ಯಾಂವಲೇ ಮಾಡಿದಾಂವ?”

“ಕುಟುಂಬ ಮಾಡೇತ್ರಿ ಸರ್,” ಎಂದ ಫಕ್ಕೀರೇಶ.

ಅಷ್ಟರಲ್ಲಿ ಟ್ರಸ್ಟಿನ ಕಾರು ಬಂತು. ಅಧ್ಯಕ್ಷರು ಇಳಿದು, ಎಲ್ಲ ಹಾಸಿಗೆಗಳನ್ನೂ ಬಿಸಿಲಿಗೆ ಹಾಕುವ ಇಂಥ ಶುಚಿಯಾದ ಕುಟುಂಬವನ್ನು ತಾವು ಕಂಡೇ ಇಲ್ಲವೆಂದರು. ಹೂಲಿ ಸರ್ ತೆರೆದ ಬಾಯಿ ಮುಚ್ಚಿ ಕೈಮುಗಿದರು, ಇದು ತಾವೇ ಹಾಕಿಕೊಟ್ಟ ಪದ್ಧತಿ ಎಂದರು. ಫಲಕವೂ ಅವರಿಗೇ ಬಂತು. ಹೊಗಳಿಸಿಕೊಂಡ ಮೇಲೆ ಟಿಸಿ ಕೊಡುವುದು ಹೇಗೆ? ಅಂದಿನಿಂದ ದಿನಾಲೂ ಎಲ್ಲರ ಹಾಸಿಗೆಯೂ ಬಿಸಿಲಿಗೆ ಬೀಳತೊಡಗಿತು, ನನ್ನನ್ನು ಯಾರೂ ಬೇರೆಯಾಗಿ ಗುರುತಿಸಲಿಲ್ಲ. ಅಡಿವೆಪ್ಪ ಸಂಜೆ ಹೊಟ್ಟೆತುಂಬ ನೀರು ಕುಡಿದು ಮಲಗತೊಡಗಿದ.

ಈಗ ನನ್ನ ಹತ್ತಿ ಗಂಟುಕಟ್ಟಿದೆ. ಎತ್ತರ ಜಿಗಿತದ ಹುಡುಗರು ಬೀಳಲೆಂದು ನನ್ನನ್ನು ಮೈದಾನದ ಮೂಲೆಗೆ ಎಸೆದಿದ್ದಾರೆ. ಮೊನ್ನೆ ಇಲ್ಲೇ ಶಾಮಿಯಾನ ಹಾಕಿ ನಿವೃತ್ತರಾದ ಹೂಲಿ ಸರ್ ಅವರನ್ನು ಬೀಳ್ಕೊಟ್ಟರು. ಸಾವಿರ ಮಕ್ಕಳ ತಂದೆ ಎಂದು ಮೈಕಿನಲ್ಲಿ ಸಾರಿದರು. ಆ ಸಾವಿರದಲ್ಲಿ ಒಬ್ಬನನ್ನಾದರೂ ‘ಯಾಕಪ್ಪಾ ಅಳತಿ’ ಎಂದು ಅವರು ಕೇಳಿದ್ದು ನನಗೆ ನೆನಪಿಲ್ಲ. ನಾನು ಹಾಸಿಗೆ. ಅತ್ತವರೆಲ್ಲ ನನ್ನ ಮೇಲೇ ಮುಖ ಹುದುಗಿಸಿ ಅತ್ತಿದ್ದಾರೆ.